ಕೊಡಗಿನಲ್ಲಿ ಒಂದು ದಿನ, ಒಂದು ಕಾಡು: ಮನೆಮಂದಿಯ ಜೊತೆ ಎಲ್ಲಿಗೆ ಹೋಗುವುದು?

ರಜೆ ಹತ್ತಿರ ಬಂತು ಅಂದರೆ ನಮ್ಮ ಮನೆಗೆ ಫೋನ್ ಬರಲು ಶುರುವಾಗುತ್ತದೆ. ಮೈಸೂರಿನಿಂದ ನಾದಿನಿ, ಹಾಸನದಿಂದ ಅಣ್ಣ, ಅವರ ಅಕ್ಕಪಕ್ಕದ ಮನೆಯವರು. ಎಲ್ಲರ ಪ್ರಶ್ನೆ ಒಂದೇ. "ಭಾನುವಾರ ಬರ್ತಿದ್ದೇವೆ, ಮಕ್ಕಳಿಗೆ ಕಾಡು ತೋರಿಸಬೇಕು, ಎಲ್ಲಿಗೆ ಹೋದರೆ ಒಳ್ಳೇದು?" ನಾವಿರುವುದು ಸುಂಟಿಕೊಪ್ಪದ ಹತ್ತಿರ, ಕುಶಾಲನಗರಕ್ಕೂ ಮಡಿಕೇರಿಗೂ ನಡುವೆ. ಯಾವ ಕಡೆ ಹೋಗುವವರೂ ನಮ್ಮ ಮನೆಯ ಕಾಫಿ ಕುಡಿದೇ ಮುಂದೆ ಹೋಗುತ್ತಾರೆ.

ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕಾರಿನಲ್ಲಿರುವ ಎಲ್ಲರಿಗಿಂತ ಚಿಕ್ಕ ಮಗುವಿನ ವಯಸ್ಸೆಷ್ಟು? ಎಲ್ಲರಿಗಿಂತ ಹಿರಿಯರ ಮಂಡಿ ಹೇಗಿದೆ? ಬರುವುದು ಯಾವ ತಿಂಗಳು? ಇಷ್ಟು ತಿಳಿದರೆ ಸಾಕು, ಯಾವ ಜಾಗ ಅಂತ ಹೇಳುವುದು ಸುಲಭ.

ಇದನ್ನು ಕಲಿತದ್ದು ಒಂದು ಕೆಟ್ಟ ಭಾನುವಾರದಿಂದ. ಕೆಲವು ವರ್ಷದ ಹಿಂದೆ ನಾದಿನಿ ಮನೆಯವರು ಬಂದಾಗ ಒಂದೇ ದಿನಕ್ಕೆ ನಾಲ್ಕು ಜಾಗ ಹಾಕಿಕೊಂಡಿದ್ದೆವು. ಬೆಳಗ್ಗೆ ದುಬಾರೆ ಆನೆ ಶಿಬಿರ, ಆಮೇಲೆ ನಿಸರ್ಗಧಾಮ, ಮಧ್ಯಾಹ್ನ ಅಬ್ಬಿ ಜಲಪಾತ, ಸಂಜೆ ರಾಜಾಸೀಟ್. ದುಬಾರೆ ತಲುಪುವಷ್ಟರಲ್ಲಿ ಆನೆಗಳ ಸ್ನಾನ ಮುಗಿದಿತ್ತು. ನಿಸರ್ಗಧಾಮದಲ್ಲಿ ಮಕ್ಕಳು ಬಿದಿರು ಮೆಳೆಯ ಕೆಳಗೆ ಕೂತು ಒಣ ಎಲೆಯಲ್ಲಿ ಅಡುಗೆ ಆಟ ಶುರು ಮಾಡಿದ್ದರು. ಟೈಮ್ ಆಯ್ತು ಅಂತ ಎಬ್ಬಿಸಿಕೊಂಡು ಹೊರಟೆವು. ಮಡಿಕೇರಿ ದಾರಿಯ ತಿರುವಿನಲ್ಲಿ ಚಿಕ್ಕವನು ಎರಡು ಸಲ ವಾಂತಿ ಮಾಡಿದ. ಅಬ್ಬಿಯಲ್ಲಿ ಅತ್ತೆ ಮೆಟ್ಟಿಲು ಇಳಿದುಬಿಟ್ಟರು, ವಾಪಸ್ ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ರಾಜಾಸೀಟ್ ತಲುಪಿದಾಗ ಕತ್ತಲು. ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಹುಡುಗಿಯನ್ನು ಕೇಳಿದೆ, ಏನು ಇಷ್ಟ ಆಯಿತು ಅಂತ. "ಬಿದಿರಿನ ಕೆಳಗೆ ಅಡುಗೆ ಆಡಿದ್ದು" ಅಂದಳು. ಅಷ್ಟು ಸುತ್ತಾಟದಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ. ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ದಿನಕ್ಕೆ ಒಂದೇ ಕಾಡು. ಬೇಕಾದರೆ ಅದೇ ದಾರಿಯಲ್ಲಿ ಸಿಗುವ ಇನ್ನೊಂದು ಚಿಕ್ಕ ಜಾಗ, ಅಷ್ಟೇ.

ಹಾಗಾದರೆ ಆ ಒಂದು ಯಾವುದು?

ಪೂರ್ವದ ಕಾಡು, ಪಶ್ಚಿಮದ ಕಾಡು

ಜಾಗದ ಹೆಸರು ನೋಡುವ ಮೊದಲು ಕಾಡಿನ ಬಗೆ ನೋಡಿ. ಕೊಡಗು ಅಂದರೆ ಎಲ್ಲಾ ಕಡೆ ಒಂದೇ ಹಸಿರು ಅಂತ ತುಂಬಾ ಜನ ತಿಳಿದಿದ್ದಾರೆ. ಮುಂಗಾರಿನ ಮೋಡ ಅರಬ್ಬಿ ಸಮುದ್ರದ ಕಡೆಯಿಂದ ಬಂದು ಪಶ್ಚಿಮದ ಬೆಟ್ಟಸಾಲಿಗೆ ತಗುಲುತ್ತದೆ. ಜೋರು ಮಳೆ ಅಲ್ಲೇ ಸುರಿಯುತ್ತದೆ. ಪುಷ್ಪಗಿರಿ, ಭಾಗಮಂಡಲ, ಕಕ್ಕಬ್ಬೆ, ಬ್ರಹ್ಮಗಿರಿ ಎಲ್ಲ ಈ ಕಡೆ. ಇಲ್ಲಿನ ಕಾಡು ವರ್ಷವಿಡೀ ಹಸಿರು. ಒಳಗೆ ಮಧ್ಯಾಹ್ನವೂ ಮಬ್ಬು. ಕಲ್ಲಿನ ಮೇಲೆ ಪಾಚಿ, ಮರದ ಮೇಲೆ ಜರಿಗಿಡ, ನೆಲದಲ್ಲಿ ಜಿಗಣೆ.

ಪೂರ್ವಕ್ಕೆ ಬರುತ್ತಾ ಮಳೆ ಕಡಿಮೆಯಾಗುತ್ತದೆ. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಅಲ್ಲಿಂದ ದುಬಾರೆ, ತಿತಿಮತಿ, ನಾಗರಹೊಳೆವರೆಗೆ ಇರುವುದು ಎಲೆ ಉದುರಿಸುವ ಕಾಡು. ಬಿದಿರು, ತೇಗ, ಹೊನ್ನೆ, ಮತ್ತಿ, ನಂದಿ. ಫೆಬ್ರವರಿ, ಮಾರ್ಚ್‌ನಲ್ಲಿ ಇದು ಬೋಳಾಗುತ್ತದೆ, ಕಾಲಿಟ್ಟ ಕಡೆಯೆಲ್ಲ ತರಗೆಲೆಯ ಸದ್ದು. ಬೆಳಕು ಜಾಸ್ತಿ, ನೆಲ ಹೆಚ್ಚು ಕಡಿಮೆ ಸಮ. ಎಳೆ ಮಕ್ಕಳಿಗೂ ಮಂಡಿ ನೋವಿನವರಿಗೂ ಪೂರ್ವದ ಕಾಡು ಸಲೀಸು. ಏಳೆಂಟು ವರ್ಷ ದಾಟಿದ, ಓಡಾಡುವ ಮಕ್ಕಳಿಗೆ ಪಶ್ಚಿಮದ ಕಾಡು ಒಂದು ಸಲವಾದರೂ ತೋರಿಸಬೇಕು.

ನಿಸರ್ಗಧಾಮ: ತಳ್ಳುಗಾಡಿಯ ಮಗುವಿಗೂ ಅಜ್ಜಿಗೂ

ಕುಶಾಲನಗರದಿಂದ ಮಡಿಕೇರಿ ಕಡೆ ಹೊರಟರೆ ಎರಡು ಮೂರು ಕಿಲೋಮೀಟರ್‌ನಲ್ಲೇ ಕಾವೇರಿ ನಿಸರ್ಗಧಾಮ ಸಿಗುತ್ತದೆ. ಹೊಳೆ ಇಬ್ಭಾಗವಾಗಿ ಹರಿದು ನಡುವೆ ಉಳಿದ ನಡುಗಡ್ಡೆ ಇದು. ಸುಮಾರು 64 ಎಕರೆ. ತೂಗು ಸೇತುವೆ ದಾಟಿ ಒಳಗೆ ಹೋಗಬೇಕು. ಮಕ್ಕಳಿಗೆ ಆ ಸೇತುವೆಯೇ ಅರ್ಧ ಹಬ್ಬ. ಒಳಗೆ ಬಿದಿರು, ಗಂಧ, ತೇಗ. ಜಿಂಕೆಗಳಿವೆ, ಹಕ್ಕಿಗಳ ಉದ್ಯಾನವಿದೆ, ಕೂರಲು ಕಟ್ಟೆಗಳಿವೆ. ನಿರ್ವಹಣೆ ಅರಣ್ಯ ಇಲಾಖೆಯದು.

ಇದು ಪ್ರವಾಸಿಗರ ಜಾಗ, ಕಾಡೇ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಾರದ ನಡುವೆ, ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೆ ಹೋಗಿ ನೋಡಿ. ಎರಡೂ ಕಡೆಯಿಂದ ಬಾಗಿದ ಬಿದಿರು ದಾರಿಯ ಮೇಲೆ ಚಪ್ಪರ ಹಾಕಿರುತ್ತದೆ. ಗಾಳಿ ಬಂದಾಗ ಗಳುಗಳು ಒಂದಕ್ಕೊಂದು ಉಜ್ಜಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತವೆ. ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಸುಮ್ನೆ ಕೇಳಿಸಿಕೊಳ್ಳಲು ಹೇಳಿ. ಬಿದಿರು ಮರವೇನೂ ಅಲ್ಲ, ಹುಲ್ಲಿನ ಜಾತಿ ಅಂತ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. ಹೆಬ್ಬಿದಿರು ಹಲವು ದಶಕಕ್ಕೊಮ್ಮೆ ಹೂ ಬಿಟ್ಟು, ಅಕ್ಕಿಯಂಥ ಬೀಜ ಉದುರಿಸಿ, ಇಡೀ ಮೆಳೆಯೇ ಸಾಯುತ್ತದೆ. ಕೆಳಗೆ ಬಿದ್ದ ಬೀಜದಿಂದ ಹೊಸ ಮೆಳೆ. ಮಳೆಗಾಲದಲ್ಲಿ ಬುಡದಿಂದ ಏಳುವ ಎಳೆ ಮೊಳಕೆಯೇ ನಾವು ಪಲ್ಯ ಮಾಡುವ ಕಣಿಲೆ, ಕೊಡವರ ಬೈಂಬಳೆ. ಹಿಂದಿನ ದಿನ ಮನೆಯಲ್ಲಿ ಅದನ್ನು ತಿಂದಿದ್ದರೆ ಮಕ್ಕಳಿಗೆ ಎರಡೂ ಜೋಡಿಯಾಗಿ ನೆನಪಿರುತ್ತದೆ.

ಮಂಡಿ ನೋವಿನವರು ಇಲ್ಲಿ ಆರಾಮಾಗಿ ನಡೆಯಬಹುದು. ಶೌಚಾಲಯ, ತಿಂಡಿಯ ಅಂಗಡಿ ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ನನ್ನ ದೂರು ಎರಡೇ. ಭಾನುವಾರ ಹನ್ನೊಂದು ಗಂಟೆ ಮೇಲೆ ಜನ ಜಾಸ್ತಿ, ಬಿದಿರಿನ ಸದ್ದು ಕೇಳುವುದೇ ಇಲ್ಲ. ಇನ್ನೊಂದು, ಒಳಗೆ ಹೋಗುವ ಮೊದಲೇ ಸಾಲು ಸಾಲು ಅಂಗಡಿ. ಚಾಕೊಲೇಟು, ಆಟದ ಸಾಮಾನು, ಮಸಾಲೆ. ಮಕ್ಕಳ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. "ಬರುವಾಗ ನೋಡೋಣ" ಅಂತ ಕಾರಿನಲ್ಲೇ ಮಾತು ಮುಗಿಸಿಕೊಳ್ಳಿ.

ನೀರಿನ ವಿಚಾರದಲ್ಲಿ ಮಾತ್ರ ನಾನು ಕಠಿಣ. ಕಾವೇರಿ ಇಲ್ಲಿ ಶಾಂತವಾಗಿ ಕಾಣುತ್ತಾಳೆ. ಆದರೆ ತಳದಲ್ಲಿ ಬಂಡೆ, ಬಂಡೆಯ ಪಕ್ಕದಲ್ಲೇ ಗುಂಡಿ. ಇಳಿಯಬೇಡಿ ಅಂತ ಬೋರ್ಡ್ ಇರುವ ಕಡೆ ಪಾದ ಕೂಡ ಅದ್ದಬೇಡಿ. ಮಳೆಗಾಲದಲ್ಲಿ ಹೊಳೆ ಏರಿದಾಗ ನಿಸರ್ಗಧಾಮವನ್ನೇ ಮುಚ್ಚುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಚಾರಿಸಿಕೊಂಡೇ ಹೊರಡಿ.

ದುಬಾರೆಯೋ, ಹಾರಂಗಿಯೋ?

ಆನೆ ನೋಡಲೇಬೇಕು ಅನ್ನುವ ಮಗು ಇದ್ದರೆ ದುಬಾರೆ. ಕುಶಾಲನಗರದಿಂದ ಸುಮಾರು 15 ಕಿಲೋಮೀಟರ್, ನಂಜರಾಯಪಟ್ಟಣದ ದಾರಿ. ಶಿಬಿರ ಇರುವುದು ಹೊಳೆಯ ಆಚೆ ದಡದಲ್ಲಿ, ದೋಣಿಯಲ್ಲಿ ದಾಟಬೇಕು. ಇಲ್ಲಿನ ಆನೆಗಳು ಮೈಸೂರು ದಸರಾ ಮೆರವಣಿಗೆಗೆ ಹೋಗುವ ಆನೆಗಳು. ರಾತ್ರಿ ಅವನ್ನು ಕಾಡಿಗೆ ಬಿಡುತ್ತಾರೆ. ಬೆಳಗ್ಗೆ ಮಾವುತರು, ಕಾವಾಡಿಗಳು ಹೆಜ್ಜೆ ಹಿಡಿದು ಹುಡುಕಿಕೊಂಡು ಬಂದು ಹೊಳೆಯಲ್ಲಿ ಮೈ ತೊಳೆಸುತ್ತಾರೆ. ಆಮೇಲೆ ರಾಗಿ ಮುದ್ದೆ, ಬೆಲ್ಲ. ಇದಿಷ್ಟೂ ಬೆಳಗಿನ ಆಟ. ತಡವಾಗಿ ಹೋದರೆ ಕಟ್ಟಿಹಾಕಿದ ಆನೆ ಮಾತ್ರ ಕಾಣುತ್ತದೆ. ಹಾಗಾಗಿ ದುಬಾರೆ ಅಂತ ತೀರ್ಮಾನಿಸಿದರೆ ಬೆಳಗ್ಗೆ ಎಂಟೂವರೆಗೆಲ್ಲ ಹೊಳೆ ದಂಡೆಯಲ್ಲಿರಿ. ಮೈಸೂರಿನಿಂದ ಬರುವವರು ಕತ್ತಲಿರುವಾಗಲೇ ಮನೆ ಬಿಡಬೇಕು. ಚಿಕ್ಕ ಮಕ್ಕಳಿರುವವರಿಗೆ ಅದು ಕಷ್ಟ, ಅಲ್ವಾ? ಆಗ ಹಿಂದಿನ ರಾತ್ರಿಯೇ ಬಂದು ಉಳಿಯಿರಿ.

ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವರು ಬಂಡೆ ಮೇಲೆ ನಡೆದು ದಾಟುತ್ತಾರೆ. ಮಗುವನ್ನು ಎತ್ತಿಕೊಂಡು ಹಾಗೆ ಮಾಡಬೇಡಿ. ಪಾಚಿ ಕಟ್ಟಿದ ಬಂಡೆ ಯಾರ ಕಾಲಿಗೂ ನಿಲ್ಲುವುದಿಲ್ಲ.

ಗಲಾಟೆ ಕಡಿಮೆ ಇರಲಿ ಅನ್ನುವವರು ಹಾರಂಗಿ ನೋಡಬಹುದು. ಕುಶಾಲನಗರದಿಂದ ಹತ್ತು ಕಿಲೋಮೀಟರ್‌ನ ಒಳಗೆ. ಅಣೆಕಟ್ಟೆಯ ಹತ್ತಿರ ಅರಣ್ಯ ಇಲಾಖೆಯ ವೃಕ್ಷೋದ್ಯಾನ, ಸಾಕಾನೆ ಶಿಬಿರ ಎರಡೂ ಇವೆ. ಮಕ್ಕಳು ಓಡಾಡಲು ಜಾಗ ಧಾರಾಳ. ಅಣೆಕಟ್ಟೆಯ ಪೂರ್ಣ ಮಟ್ಟ 2,859 ಅಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ದಿನಾ ಬರುವ ಅಂಕಿ ಇದು, ತುಂಬಿತಾ ಇಲ್ಲವಾ ಅಂತ ಎಲ್ಲರೂ ನೋಡುತ್ತಿರುತ್ತಾರೆ. ಕಾಡಿನ ಅನುಭವ ಅಂತ ನೋಡಿದರೆ ನಿಸರ್ಗಧಾಮಕ್ಕಿಂತ ಸಪ್ಪೆ. ದುಬಾರೆಯ ಹೊಳೆಯ ಸೊಗಸೂ ಇಲ್ಲಿಲ್ಲ. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು ನಡೆಯದೆ ಆನೆಯೂ ಸಿಕ್ಕಿತು, ಮರದ ನೆರಳೂ ಸಿಕ್ಕಿತು.

ಮಡಿಕೇರಿಯ ಎರಡು

ರಾಜಾಸೀಟ್ ತೋಟ, ಕಾಡಲ್ಲ. ಕೊಡಗಿನ ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ. ಹೂವಿನ ಪಾತಿಗಳು, ಹುಲ್ಲು, ಎದುರಿಗೆ ಆಳದ ಕಣಿವೆ, ಮಂಜು. ಜನವರಿಯಲ್ಲಿ ತೋಟಗಾರಿಕೆ ಇಲಾಖೆ ಇಲ್ಲಿ ಫಲಪುಷ್ಪ ಪ್ರದರ್ಶನ ಮಾಡುತ್ತದೆ. ನಡೆಯಲಾಗದ ಹಿರಿಯರಿದ್ದರೆ ಸಂಜೆ ನಾಲ್ಕೂವರೆಗೆ ಬಂದು ಕೂತುಬಿಡಿ. ಆರು ಗಂಟೆಗೆ ಬಂದರೆ ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸೂರ್ಯ ಹೋಗಿರುತ್ತಾನೆ.

ಅಬ್ಬಿ ಮಡಿಕೇರಿಯಿಂದ ಎಂಟು ಕಿಲೋಮೀಟರ್. ಕೊಡವ ಭಾಷೆಯಲ್ಲಿ ಅಬ್ಬಿ ಅಂದರೇ ಜಲಪಾತ. ಕಾಫಿ ತೋಟದ ನಡುವೆ, ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಮರಗಳ ಕೆಳಗೆ ಮೆಟ್ಟಿಲು ಇಳಿದು ಹೋಗುವುದು. ಇಳಿಯುವುದು ಸುಲಭ, ಹತ್ತುವುದು ಹಿರಿಯರಿಗೆ ಭಾರ. ನೀರಿಗೆ ಇಳಿಯುವಂತಿಲ್ಲ. ಒಂದು ಗಂಟೆಯ ಜಾಗ ಅಷ್ಟೇ, ಇಡೀ ದಿನ ಇದಕ್ಕೆಂದೇ ಬರಬೇಡಿ.

ಇರ್ಪು: ನನ್ನ ಮೊದಲ ಆಯ್ಕೆ

ನಡೆಯಬಲ್ಲ ಮಕ್ಕಳಿದ್ದು, ತಿಂಗಳು ಅಕ್ಟೋಬರ್‌ನಿಂದ ಜನವರಿಯೊಳಗೆ ಆಗಿದ್ದರೆ ನಾನು ಕಣ್ಣು ಮುಚ್ಚಿ ಇರ್ಪು ಜಲಪಾತ ಅನ್ನುತ್ತೇನೆ. ದಕ್ಷಿಣ ಕೊಡಗಿನ ತುದಿ. ಗೋಣಿಕೊಪ್ಪ, ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟದ ಕಡೆ ಹೋಗುವ ದಾರಿಯಲ್ಲಿ ಕುರ್ಚಿ ಗ್ರಾಮ. ಅಲ್ಲಿ ರಾಮೇಶ್ವರ ದೇವಸ್ಥಾನ, ಸುತ್ತ ಗದ್ದೆ ಬಯಲು, ಹಿಂದೆ ಗೋಡೆಯ ಹಾಗೆ ನಿಂತ ಬ್ರಹ್ಮಗಿರಿ. ಆ ನೋಟಕ್ಕೇ ನಮ್ಮ ಅತ್ತೆ ಕೈ ಮುಗಿಯುತ್ತಾರೆ.

ದೇವಸ್ಥಾನ ದಾಟಿದರೆ ಅರಣ್ಯ ಇಲಾಖೆಯ ಟಿಕೆಟ್. ಅಲ್ಲಿಂದ ಮುಂದೆ ಬ್ರಹ್ಮಗಿರಿ ವನ್ಯಧಾಮ. ಕಲ್ಲು ಹಾಸಿದ ಕಾಲುದಾರಿ, ನಡುನಡುವೆ ಮೆಟ್ಟಿಲು, ಪಕ್ಕದಲ್ಲೇ ಕಲ್ಲಿನ ಮೇಲೆ ಹಾರಿ ಇಳಿಯುವ ಹೊಳೆ. ಮಕ್ಕಳ ಹೆಜ್ಜೆಯಲ್ಲಿ ಅರ್ಧ ಗಂಟೆಯ ಏರು. ಬೇಗ ಹೋಗುವವರು ಕಾಲು ಗಂಟೆಯಲ್ಲಿ ತಲುಪುತ್ತಾರೆ. ಆದರೆ ಬೇಗ ಹೋದರೆ ಇಲ್ಲಿ ನಷ್ಟ. ಬಿಸಿಲು ಬಿದ್ದ ಒದ್ದೆ ನೆಲದ ಮೇಲೆ ಚಿಟ್ಟೆಗಳು ಗುಂಪಾಗಿ ಕೂತು ನೀರು ಹೀರುತ್ತಿರುತ್ತವೆ. ಅವಕ್ಕೆ ಬೇಕಿರುವುದು ಮಣ್ಣಿನ ಉಪ್ಪು. ತಲೆ ಎತ್ತಿದರೆ ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ನೆಗೆಯುವುದು ಕಂಡೀತು. ಅದರ ಬಾಲ ಅದರ ಮೈಗಿಂತ ಉದ್ದ. ಹೊಳೆಯ ಪಕ್ಕ ಯಾರೋ ಹುಡುಗ ಸಿಳ್ಳೆ ಹಾಕುತ್ತಿದ್ದಾನೆ ಅನಿಸಿದರೆ ಅದು ಸಿಳ್ಳಾರ ಹಕ್ಕಿ. ನಮ್ಮ ಮಗ ಒಂದು ಸಲ ತಿರುಗಿ ಸಿಳ್ಳೆ ಹಾಕುತ್ತಾ ದಾರಿಯಲ್ಲೇ ಕೂತುಬಿಟ್ಟಿದ್ದ. ನಾವೂ ಕೂತೆವು. ಆ ದಿನ ಜಲಪಾತ ತಲುಪಿದ್ದು ಒಂದೂವರೆ ಗಂಟೆ ಆದ ಮೇಲೆ.

ಜಲಪಾತ ಸುಮಾರು 170 ಅಡಿ. ಬೀಳುವ ನೀರು ಲಕ್ಷ್ಮಣತೀರ್ಥ ಹೊಳೆಯದು. ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತಂದ ಅನ್ನುವ ಕತೆ. ಶಿವರಾತ್ರಿಗೆ ಇಲ್ಲಿ ತುಂಬಾ ಜನ ಸೇರುತ್ತಾರೆ. ಇದೇ ಹೊಳೆ ಹುಣಸೂರಿನ ಮೇಲೆ ಹರಿದು ಕನ್ನಂಬಾಡಿ ಕಟ್ಟೆಯ ನೀರಿಗೆ ಸೇರುತ್ತದೆ. ಮೈಸೂರಿನ ಮಕ್ಕಳಿಗೆ ಇದನ್ನು ಹೇಳಿ. "ನಿಮ್ಮ ಊರಿನ ಕಡೆಗೇ ಹೋಗ್ತಿದೆ ನೋಡು" ಅಂದಾಗ ನಾದಿನಿಯ ಮಗಳು ಒಂದು ಎಲೆ ತೇಲಿಬಿಟ್ಟು, ಅದು ಕಣ್ಣಿಗೆ ಮರೆಯಾಗುವವರೆಗೆ ಬೈ ಬೈ ಮಾಡುತ್ತಾ ನಿಂತಿದ್ದಳು.

ಅತ್ತೆ ಮೇಲೆ ಹತ್ತುವುದಿಲ್ಲ. ದೇವಸ್ಥಾನದ ಜಗಲಿಯಲ್ಲಿ ಗದ್ದೆ ನೋಡುತ್ತಾ ಕೂರುತ್ತಾರೆ. ಇರ್ಪು ನನಗೆ ಇಷ್ಟವಾಗಲು ಇದೂ ಒಂದು ಕಾರಣ. ಹತ್ತುವವರಿಗೆ ಕಾಡಿದೆ, ಹತ್ತದವರಿಗೂ ಚೆಂದದ ಜಾಗವಿದೆ. ಯಾರೂ ಯಾರಿಗೋಸ್ಕರ ಕಾರಿನಲ್ಲಿ ಕಾಯಬೇಕಾಗಿಲ್ಲ. ಶೌಚಕ್ಕೆ ಮಾತ್ರ ದೇವಸ್ಥಾನದ ಹತ್ತಿರವೇ ಹೋಗಿ ಬನ್ನಿ, ಮೇಲೆ ಏನೂ ಇಲ್ಲ.

ಕೊರತೆ ಅಂದರೆ ದೂರ. ಕುಶಾಲನಗರ ಮೈಸೂರಿನಿಂದ ಸುಮಾರು 90 ಕಿಲೋಮೀಟರ್ ಆದರೆ ಇರ್ಪು ಅದಕ್ಕಿಂತ ಒಂದು ಗಂಟೆ ಹೆಚ್ಚಿನ ದಾರಿ. ಮಳೆಗಾಲದಲ್ಲಿ ಜಲಪಾತ ರುದ್ರವಾಗಿರುತ್ತದೆ, ಚಿಕ್ಕ ಮಕ್ಕಳನ್ನು ಕರೆತರುವ ಕಾಲ ಅದಲ್ಲ. ಏಪ್ರಿಲ್ ಹೊತ್ತಿಗೆ ನೀರು ಸಣ್ಣಗಾಗಿರುತ್ತದೆ.

ಇಲ್ಲಿಂದಲೇ ಬ್ರಹ್ಮಗಿರಿ ಶಿಖರಕ್ಕೆ ಚಾರಣದ ದಾರಿ ಇದೆ. 1,608 ಮೀಟರ್ ಎತ್ತರ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ಗೈಡ್ ಬೇಕು, ಒಂದು ಇಡೀ ದಿನ ಬೇಕು. ಮನೆಮಂದಿಯ ದಿನಕ್ಕೆ ಇದನ್ನು ಸೇರಿಸಬೇಡಿ.

ಮಲ್ಲಳ್ಳಿ ಇದಕ್ಕೆ ಸಮವೇ?

ಹಾಸನ, ಸಕಲೇಶಪುರ ಕಡೆಯವರು ಇದನ್ನೇ ಕೇಳುತ್ತಾರೆ, ಅವರಿಗೆ ಸೋಮವಾರಪೇಟೆ ಹತ್ತಿರ. ಮಲ್ಲಳ್ಳಿ ಜಲಪಾತ ಪುಷ್ಪಗಿರಿ ತಪ್ಪಲಿನಲ್ಲಿ, ಸೋಮವಾರಪೇಟೆಯಿಂದ 25 ಕಿಲೋಮೀಟರ್ ಆಸುಪಾಸು. ನೋಟದಲ್ಲಿ ಇರ್ಪುವಿಗಿಂತ ದೊಡ್ಡದು. ಕುಮಾರಧಾರಾ ಹೊಳೆ ಸುಮಾರು 200 ಅಡಿ ಮೇಲಿಂದ ಕಣಿವೆಗೆ ಬೀಳುತ್ತದೆ. ಕಾವೇರಿಯ ಸೀಮೆಯಲ್ಲಿದ್ದೂ ಈ ನೀರು ಪಶ್ಚಿಮಕ್ಕೆ ಹೋಗುತ್ತದೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಒಂದೇ ಜಿಲ್ಲೆಯ ಎರಡು ಹೊಳೆ, ಎರಡು ಬೇರೆ ಸಮುದ್ರ.

ಆದರೆ ಕಾಡಿನಲ್ಲಿ ನಡೆದ ಹಾಗೆ ಇಲ್ಲಿ ಅನಿಸುವುದಿಲ್ಲ. ನೂರಾರು ಕಾಂಕ್ರೀಟ್ ಮೆಟ್ಟಿಲು, ತಲೆ ಮೇಲೆ ಬಿಸಿಲು. ವಾಪಸ್ ಹತ್ತುವಾಗ ಆರು ವರ್ಷದ ಮಗು ಖಂಡಿತ ಎತ್ತಿಕೋ ಅನ್ನುತ್ತದೆ. ಹಿರಿಯರು ಮೇಲಿನಿಂದಲೇ ನೋಡಬಹುದು. ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಹೋಗಿ. ಬಂಡೆ ಮೇಲೆ ನಿಂತು ಫೋಟೋ ಬೇಡ. ಕೊಡಗಿನ ಜಲಪಾತಗಳಲ್ಲಿ ಪ್ರಾಣ ಹೋಗಿರುವುದುಂಟು. ಚೆಯ್ಯಂಡಾಣೆ ಹತ್ತಿರದ ಚೇಲಾವರವನ್ನು ನಾನು ಈ ಪಟ್ಟಿಗೆ ಸೇರಿಸದೇ ಇರುವುದು ಅದಕ್ಕೇ. ನೋಡಲು ಚೆಂದ, ಆದರೆ ಕೆಳಗಿನ ಗುಂಡಿಯ ಆಳ ಕಣ್ಣಿಗೆ ಕಾಣುವುದಿಲ್ಲ. ಓಡುವ ಮಕ್ಕಳನ್ನು ಹಿಡಿದುಕೊಂಡೇ ದಿನ ಕಳೆಯಬೇಕಾಗುತ್ತದೆ.

ಹದಿಹರೆಯದವರು ಜೊತೆಗಿದ್ದರೆ

ಅವರಿಗೆ ನಿಸರ್ಗಧಾಮ ಬೋರು. ಕಕ್ಕಬ್ಬೆಗೆ ಕರೆದುಕೊಂಡು ಹೋಗಿ. ಅಲ್ಲಿ ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ್ದು. ಎರಡು ಅಂತಸ್ತು, ಮರದ ಕೆತ್ತನೆ, ಹಿಂದೆಯೇ ತಡಿಯಂಡಮೋಳ್ ಬೆಟ್ಟ. 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕಿಂಗ್ ಮಾಡಿಸಿಕೊಳ್ಳಿ. ದೊಡ್ಡವರಲ್ಲಿ ಒಬ್ಬರು ಮಕ್ಕಳ ಜೊತೆ ಮೇಲೆ ಹೋಗಲಿ, ಉಳಿದವರು ಅರಮನೆ ನೋಡಿಕೊಂಡು ಕೆಳಗೆ ಇರಲಿ. ಬಸ್ಸು, ಫೋನು, ಅಂಗಡಿ ಯಾವುದನ್ನೂ ಅಲ್ಲಿ ನಂಬಬೇಡಿ. ನೀರು, ತಿಂಡಿ ಹೊತ್ತೇ ಹೋಗಿ.

ಮಾಂದಲ್‌ಪಟ್ಟಿ ಬಗ್ಗೆ ಹುಡುಗರು ಹಟ ಮಾಡುತ್ತಾರೆ. ಗಾಳಿ, ಮಂಜು, ಹುಲ್ಲುಗಾವಲು, ಎಲ್ಲ ನಿಜ. ಆದರೆ ಅದು ಬೆಟ್ಟದ ನೋಟ, ಕಾಡಿನ ನಡಿಗೆ ಅಲ್ಲ. ಜೀಪಿನಲ್ಲಿ ಎದ್ದು ಬಿದ್ದು ಹೋಗಬೇಕು. ಸೊಂಟ ನೋವಿನವರು, ಬಸುರಿಯರು, ಕೈಗೂಸು ಇರುವವರು ಬೇಡ. ಈ ಎಲ್ಲ ಜಾಗಗಳಲ್ಲಿ ಜೇಬಿಗೆ ಹೆಚ್ಚು ಭಾರವಾಗುವುದೂ ಜೀಪಿನ ಈ ದಾರಿಯೇ. ಹೊರಡುವ ಮೊದಲು ಬಾಡಿಗೆ ಮಾತಾಡಿಕೊಳ್ಳಿ.

ನಾಗರಹೊಳೆ ಸಫಾರಿ ಬೇರೆಯದೇ ವಿಷಯ. ಕುಟ್ಟದ ಕಡೆಯಿಂದ ನಾಣಚ್ಚಿ ಗೇಟಿನ ಮೂಲಕ ಹೋಗಬಹುದು. ನಡೆಯುವ ಮಾತೇ ಇಲ್ಲ, ವಾಹನದಲ್ಲಿ ಬಾಯಿ ಮುಚ್ಚಿ ಕೂರಬೇಕು. ಪ್ರಾಣಿ ಕಾಣುವುದು ಅದೃಷ್ಟ. ಐದು ವರ್ಷದ ಮಗುವಿಗೆ ಆ ಕಾಯುವಿಕೆ ಶಿಕ್ಷೆ. ಹನ್ನೆರಡರ ಹುಡುಗಿಗೆ ಅದೇ ದೊಡ್ಡ ರೋಮಾಂಚನ. ಸಫಾರಿ ನಡೆಯುತ್ತಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ.

ಪಟ್ಟಿಯಲ್ಲಿ ಯಾರೂ ಹಾಕದ ಜಾಗ

ಹೊರಗಿನಿಂದ ಬರುವವರು ಕಾಡು ಹುಡುಕುತ್ತಾ ಕಾಫಿ ತೋಟಗಳ ನಡುವೆಯೇ ಎರಡು ಗಂಟೆ ಕಾರು ಓಡಿಸುತ್ತಾರೆ. ಆ ತೋಟವೇ ಒಂದು ಕಾಡಿನ ತೋಟ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಕಾಫಿ ನೆರಳಿನ ಗಿಡ. ಅದಕ್ಕೆ ನೆರಳು ಕೊಡಲು ಹಳೇ ಮರಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಹಲಸು, ಅತ್ತಿ, ಬೀಟೆ, ನಂದಿ, ಹಾಲುವಾಣ. ಅವುಗಳಿಗೆ ಒಳ್ಳೆಮೆಣಸಿನ ಬಳ್ಳಿ, ಕೆಳಗೆ ಕಾಫಿ, ತೇವ ಇರುವ ತಗ್ಗಿನಲ್ಲಿ ಏಲಕ್ಕಿ, ಅಂಚಿನಲ್ಲಿ ಕಿತ್ತಳೆ. ಅತ್ತಿ ಹಣ್ಣಾದಾಗ ನಮ್ಮ ತೋಟಕ್ಕೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ರೆಕ್ಕೆಯ ಸದ್ದಿನಿಂದಲೇ ಗೊತ್ತಾಗುತ್ತದೆ.

ನಿಮ್ಮ ಪರಿಚಯದವರ ತೋಟ ಇದ್ದರೆ, ಅಥವಾ ತೋಟದೊಳಗಿನ ಹೋಂ ಸ್ಟೇಯಲ್ಲಿ ಉಳಿದಿದ್ದರೆ, ಅವರನ್ನು ಕೇಳಿ ಬೆಳಗ್ಗೆ ಒಂದು ಗಂಟೆ ತೋಟ ಸುತ್ತಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು. ಕೆಂಪು ಹಣ್ಣು, ಕಣದಲ್ಲಿ ಒಣಗಲು ಹರಡಿದ ಬೀಜ. ಹಣ್ಣು ಚೀಪಿದರೆ ಸಿಹಿ ಅಂತ ಮಕ್ಕಳಿಗೆ ತೋರಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹತ್ತಿರದ ಪರಿಮಳ, ಜೇನ್ನೊಣಗಳ ಗುಂಯ್ ಸದ್ದು. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದಾಗುತ್ತದೆ. ಆ ದಿನ ಸಿಕ್ಕಿದರೆ ಬೇರೆ ಎಲ್ಲ ಪ್ಲ್ಯಾನ್ ಬಿಟ್ಟುಬಿಡಿ ಅನ್ನುತ್ತೇನೆ.

ಬೇಲಿ ದಾಟಿ ಯಾರದೋ ತೋಟಕ್ಕೆ ನುಗ್ಗಬೇಡಿ. ಅದು ಮರ್ಯಾದೆಯ ಮಾತು ಮಾತ್ರ ಅಲ್ಲ. ಕೊಡಗಿನ ತೋಟಗಳಲ್ಲಿ ಕಾಡಾನೆ ಇರುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಜಾಸ್ತಿ. ತೋಟದ ಕೆಲಸಕ್ಕೆ ಹೋಗುವವರೇ ಆನೆಗೆ ಸಿಕ್ಕಿ ಸತ್ತಿದ್ದಾರೆ. ಆವತ್ತು ಆನೆ ಯಾವ ಕಡೆ ಇದೆ ಅಂತ ತೋಟದವರಿಗೆ ತಿಳಿದಿರುತ್ತದೆ, ನಿಮಗೆ ತಿಳಿದಿರುವುದಿಲ್ಲ. ತಿತಿಮತಿ, ಆನೆಚೌಕೂರು ದಾರಿಯಲ್ಲೂ ಕಾರು ನಿಲ್ಲಿಸಿ ಇಳಿಯಬೇಡಿ.

ದೇವರಕಾಡುಗಳ ವಿಷಯವೂ ಹಾಗೆಯೇ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ಹೆಚ್ಚು ಕಡಿಮೆ ಪ್ರತಿ ಊರಿಗೂ ಒಂದು. ಅಲ್ಲಿ ಕಡ್ಡಿ ಮುರಿಯುವುದೂ ತಪ್ಪು ಅಂತ ಊರವರು ಕಾಪಾಡಿಕೊಂಡು ಬಂದಿದ್ದಾರೆ. ಮಕ್ಕಳಿಗೆ ದಾರಿಯಿಂದ ತೋರಿಸಿ, ಕತೆ ಹೇಳಿ. ಬುತ್ತಿ ಬಿಚ್ಚುವ ಜಾಗ ಅಲ್ಲ ಅದು.

ಹೊರಡುವ ಮೊದಲು

ಪಶ್ಚಿಮದ ಕಾಡಿಗೆ ಹೋಗುವವರಿಗೆ ಜಿಗಣೆಯ ಭಯ. ಮಳೆ ಶುರುವಾದಾಗಿನಿಂದ ನವೆಂಬರ್‌ವರೆಗೆ ಇದ್ದೇ ಇರುತ್ತದೆ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ, ಅದಕ್ಕೇ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಗಾಬರಿ ಬೇಡ. ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಸರಿಸಿ. ಚಿಕ್ಕ ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ ಒದ್ದೆ ಮಾಡಿ ಇಟ್ಟುಕೊಳ್ಳಿ, ಮುಟ್ಟಿಸಿದರೆ ತಾನೇ ಬೀಳುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮಕ್ಕಳ ಎದುರು ನೀವು ಕಿರುಚದೇ ಇದ್ದರೆ ಅವರೂ ಕಿರುಚುವುದಿಲ್ಲ.

ತಿರುವಿನಲ್ಲಿ ವಾಂತಿ ಮಾಡುವ ಮಗುವಿಗೆ ಬೆಳಗ್ಗೆ ಹಗುರ ತಿಂಡಿ ಕೊಡಿ, ಇಡ್ಲಿಯೇ ಸಾಕು. ಕಾರಿನಲ್ಲಿ ಮೊಬೈಲು ಕೊಡಬೇಡಿ. ಪ್ಲಾಸ್ಟಿಕ್ ಬಾಟಲಿ ಬಿಟ್ಟು ಸ್ಟೀಲ್ ಬಾಟಲಿ ತನ್ನಿ. ನೋಟು, ಚಿಲ್ಲರೆ ಇರಲಿ, ಇರ್ಪು ಮಲ್ಲಳ್ಳಿ ಕಡೆ ನೆಟ್‌ವರ್ಕ್ ಸಿಗದೆ ಫೋನಿನಲ್ಲಿ ದುಡ್ಡು ಕಟ್ಟಲು ಆಗುವುದಿಲ್ಲ. ಗುಂಪು ಎರಡಾಗುವ ಮೊದಲು ಎಷ್ಟು ಗಂಟೆಗೆ ಎಲ್ಲಿ ಸೇರುವುದು ಅಂತ ಮಾತಾಡಿಕೊಳ್ಳಿ.

ಜೂನ್, ಜುಲೈ, ಆಗಸ್ಟ್‌ನಲ್ಲಿ ಬರಲೇಬೇಕು ಅನ್ನುವವರಿಗೆ ನಾನು ಮನೆಯಲ್ಲೇ ಕೂರಿಸಿ ಮಳೆ ತೋರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಜಾರಿದ್ದನ್ನು ಕಂಡವರು ನಾವು. ಆ ತಿಂಗಳುಗಳಲ್ಲಿ ಜಿಲ್ಲಾಡಳಿತ ಯಾವುದಾದರೂ ಜಾಗ ಮುಚ್ಚಿದೆ ಅಂದರೆ ವಾದ ಮಾಡಬೇಡಿ.

ಈ ಸಲ ಕ್ರಿಸ್‌ಮಸ್ ರಜೆಗೆ ನಾದಿನಿ ಮನೆಯವರು ಬರುತ್ತಿದ್ದಾರೆ. ಚಿಕ್ಕವನಿಗೆ ಈಗ ಎಂಟು. ಅತ್ತೆಯ ಮಂಡಿ ಹಾಗೇ ಇದೆ. ತಿಂಗಳು ಡಿಸೆಂಬರ್. ಹಾಗಾಗಿ ಇರ್ಪು ಅಂತ ತೀರ್ಮಾನವಾಗಿದೆ. ಶನಿವಾರ ರಾತ್ರಿ ನಮ್ಮಲ್ಲೇ ಉಳಿದು ಬೆಳಗ್ಗೆ ಆರಕ್ಕೆ ಹೊರಡುವುದು, ದಾರಿಯಲ್ಲಿ ಬೇರೆ ಎಲ್ಲೂ ಇಳಿಯುವುದಿಲ್ಲ. ಬುತ್ತಿಗೆ ಕಡುಬು ಮಾಡೋಣ ಅಂತ ಅಕ್ಕಿ ತರಿ ಒಡೆಸಿ ಇಟ್ಟಿದ್ದೇನೆ.